ತಾವಾಗಿ ತಿಳಿಸಿದವರು: ಸುಯ್ಸೂನ್ ಜೌಗಿನ ಬಾತುಗಳು

ವಿಮಾನ ನಿಲ್ದಾಣ

ನಾನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದದ್ದು ೨೦೨೩ನೆಯ ಇಸವಿ ನವೆಂಬರ್ ೧೬, ಗುರುವಾರ ಮಧ್ಯಾಹ್ನ. ಆಧಾರ: ಪಾಸ್‌ಪೋರ್ಟಿನ ಒಂಬತ್ತನೆಯ ಪುಟದ ಮೊಹರು. ನನ್ನ ದಿನಚರಿಯಲ್ಲಿ ಇದೇ ಸಂಗತಿ ಹದಿನೇಳನೆಯ ತಾರೀಕಿನ ಪುಟದಲ್ಲಿದೆ. ನಾನು ಕೈಗಡಿಯಾರವನ್ನು ತಿದ್ದಿರಲಿಲ್ಲ. ಮೈಸೂರಿನಲ್ಲಿ ಆಗಲೇ ಶುಕ್ರವಾರ ಶುರುವಾಗಿತ್ತು. ಎರಡು ದಾಖಲೆಗಳು ಒಂದನ್ನೊಂದು ಒಪ್ಪದಿದ್ದಾಗ, ಘಟನೆ ನಡೆದ ಸ್ಥಳದಲ್ಲೇ ಹುಟ್ಟಿದ ದಾಖಲೆಯನ್ನು ನಂಬಬೇಕೆಂಬುದು ವೃತ್ತಿಯುದ್ದಕ್ಕೂ ನಾನು ಪಾಲಿಸಿದ, ಕಿರಿಯರಿಗೂ ಕಲಿಸಿದ ನಿಯಮ. ಆದ್ದರಿಂದ ಹದಿನಾರು ಎಂದೇ ಇರಲಿ.

ನನ್ನ ವೃತ್ತಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವುದಾಗಿತ್ತು. ಗದಗ ಸೀಮೆಯ ಒಂದು ಕೆರೆಯ ದಂಡೆಯಲ್ಲಿ ಹದಿನಾಲ್ಕು ಚಳಿಗಾಲಗಳನ್ನು ಕಳೆದಿದ್ದೇನೆ. ಉತ್ತರದಿಂದ ಬರುವ ಬಾತುಗಳನ್ನು ಬಲೆಯಲ್ಲಿ ಹಿಡಿದು, ತೂಗಿ, ರೆಕ್ಕೆ ಅಳೆದು, ಸಂಖ್ಯೆ ಕೊರೆದ ಅಲ್ಯೂಮಿನಿಯಂ ಉಂಗುರವೊಂದನ್ನು ಕಾಲಿಗೆ ಹಾಕಿ ಹಾರಿಬಿಡುವುದು, ಆಮೇಲೆ ಕಾಯುವುದು. ಆ ಹಕ್ಕಿ ಎಲ್ಲೋ ಸತ್ತು ಬಿದ್ದು, ಅಥವಾ ಬೇಟೆಗಾರನ ಕೈಗೆ ಸಿಕ್ಕು, ಉಂಗುರ ಕಂಡವರು ಅದರ ಮೇಲಿನ ವಿಳಾಸಕ್ಕೆ ಒಂದು ಕಾಗದ ಹಾಕಿದರೆ ಮಾತ್ರ ನಮ್ಮ ದುಡಿಮೆ ಸಾರ್ಥಕ. ನಾನು ತೊಡಿಸಿದ ಸಾವಿರಾರು ಉಂಗುರಗಳಲ್ಲಿ ಮರಳಿ ಬಂದವು ಮೂರು. ಒಂದು ಸೈಬೀರಿಯದ ಬೇಟೆಗಾರನಿಂದ, ಇನ್ನೊಂದು ಕಜಕಸ್ತಾನದ ಮೀನುಗಾರನಿಂದ. ಮೂರನೆಯದು ನಮ್ಮ ಕೆರೆಯಲ್ಲೇ ಸಿಕ್ಕಿದ್ದು. ಅದನ್ನು ಯಾರೂ ತಿಳಿಸಿದ್ದಲ್ಲ. ಬಲೆಗಾರನೊಬ್ಬನಿಂದ ಅರಣ್ಯ ಕಾವಲುಗಾರ ವಶಪಡಿಸಿಕೊಂಡದ್ದು. ಕೆರೆಯ ಬಳಿಯಿದ್ದ ನಮ್ಮ ಹಕ್ಕಿ ಅಧ್ಯಯನ ಕೇಂದ್ರದ ವಾರ್ಷಿಕ ವರದಿಯಲ್ಲಿ ‘ತಾವಾಗಿ ತಿಳಿಸಿದ ಸ್ಥಳೀಯರು’ ಎಂಬ ಕಲಂ ಇತ್ತು. ಹದಿನಾಲ್ಕು ವರ್ಷವೂ ಅದರ ಮುಂದೆ ‘ಇಲ್ಲ’ ಎಂದೇ ಬರೆದಿದ್ದೇನೆ.

ಉಡುಗೊರೆಯಾಗಿ ಕೊಡಲೆಂದು, ಬಳಸದೆ ಉಳಿದ ಹಳೆಯ ಉಂಗುರಗಳ ಒಂದು ಸರವನ್ನು ಚೀಲದಲ್ಲಿ ತಂದಿದ್ದೆ. ನಿಲ್ದಾಣದ ಅಧಿಕಾರಿ ಅದನ್ನು ಹೊರಗೆ ತೆಗೆಸಿದರು. ನಾನು ವಿವರಣೆ ಕೊಡಲು ಸಿದ್ಧಳಾಗುವಷ್ಟರಲ್ಲಿ ಆ ದಪ್ಪ ಮನುಷ್ಯನ ಮುಖ ಅರಳಿತು. ಬಾತಿನ ಉಂಗುರಗಳಲ್ಲವೇ, ನನ್ನ ಮಾವ ಬೇಟೆಗಾರ, ಅವನ ಕೊರಳ ದಾರದಲ್ಲಿ ಇಂಥವು ಹನ್ನೊಂದಿವೆ, ಎಲ್ಲವನ್ನೂ ಸರ್ಕಾರಕ್ಕೆ ತಿಳಿಸಿ ಪ್ರಶಸ್ತಿಪತ್ರ ತರಿಸಿಕೊಂಡಿದ್ದಾನೆ, ಎಂದು ಹೇಳಿ ಸರವನ್ನು ಮರಳಿಸಿದರು. ಹನ್ನೊಂದು! ಒಬ್ಬನೇ ಮನುಷ್ಯನ ಕೊರಳಲ್ಲಿ. ಆ ದೇಶದಲ್ಲಿ ಕಾಲಿಟ್ಟು ಒಂದು ಗಂಟೆಯೂ ಆಗಿರಲಿಲ್ಲ, ಹೊಟ್ಟೆಕಿಚ್ಚು ಹೊತ್ತಿಕೊಂಡಿತ್ತು.

ಡಬ್ಲಿನ್

ನನ್ನನ್ನು ಕರೆಸಿಕೊಂಡವಳು ನಸ್ರೀನ್. ಗದಗಿನವಳು. ಇಪ್ಪತ್ತೆರಡರ ಪ್ರಾಯದಲ್ಲಿ ನಮ್ಮ ಕೇಂದ್ರಕ್ಕೆ ದಿನಗೂಲಿಯ ಸಹಾಯಕಿಯಾಗಿ ಸೇರಿ, ಮೂರು ಚಳಿಗಾಲ ನಾನು ಕೂಗಿ ಹೇಳಿದ ಅಳತೆಗಳನ್ನು ಬರೆದುಕೊಂಡವಳು. ನನ್ನ ವರದಿಗಳನ್ನು ಬೆರಳಚ್ಚು ಮಾಡಿದವಳು. ಈಗ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನೀರುಹಕ್ಕಿಗಳ ಮೇಲೆ ಕೆಲಸ ಮಾಡುವ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ಡಬ್ಲಿನ್ ಆ ಕೊಲ್ಲಿಯ ಪೂರ್ವಕ್ಕಿರುವ ಊರು. ಡಬ್ಲಿನ್‌ನ ಅವಳ ಮನೆಯ ಬೀದಿಯಲ್ಲಿ ಸಂಜೆ ನಡೆಯಲು ಹೊರಟರೆ ಅರ್ಧಕ್ಕರ್ಧ ಮಂದಿ ನಮ್ಮವರೇ. ಬೆಂಗಳೂರಿನ ಒಂದು ಬಡಾವಣೆಯಿಂದ ಹಾರ್ನ್ ಸದ್ದನ್ನು, ನಾಯಿಗಳನ್ನು, ತರಕಾರಿ ಗಾಡಿಯನ್ನು ತೆಗೆದರೆ ಉಳಿಯುವಂಥ ಬೀದಿ.

ರಾತ್ರಿಯೂಟಕ್ಕೆ ಜೋಳದ ರೊಟ್ಟಿ ಮಾಡಿದ್ದಳು. ನಾನು ತಂದ ಉಂಗುರದ ಸರವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದಳು. ಅವಳ ಗಂಡ ಇಮ್ತಿಯಾಜ್, ಇಂಜಿನಿಯರು, ವಿಜಯಪುರದವನು, ನನ್ನ ತಟ್ಟೆಗೆ ಪಲ್ಯ ಬಡಿಸುತ್ತ ಹೇಳಿದ:

“ನೋಡ್ರಿ ಮೇಡಂ, ನಾ ಹಾಕಿದ ಉಂಗುರ ಎಲ್ಲಿಟ್ಟಾಳೋ ಗೊತ್ತಿಲ್ಲ. ನೀವು ಬಾತಿಗೆ ಹಾಕಿದ್ದರ ನಂಬರ್ ಎಲ್ಲಾ ಬಾಯಿಪಾಠ ಅದಾವ ಇಕಿಗೆ.”

“ಬಾತು ತಿರುಗಿ ಬರ್ತಾವ. ನೀವು ಮೀಟಿಂಗಿಗೆ ಹೋದ್ರ ಬರಂಗಿಲ್ಲ,” ಎಂದಳು ನಸ್ರೀನ್.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅವಳ ಮೇಜಿನ ಪಕ್ಕದ ಗೋಡೆಯಲ್ಲಿ ತೂಗುಹಾಕಿದ್ದ ನಕ್ಷೆಯನ್ನು ನಾನು ಆಗಲೇ ನೋಡಿಯಾಗಿತ್ತು. ಅಲಾಸ್ಕದಿಂದ ಮೆಕ್ಸಿಕೋದವರೆಗೆ ಗೆರೆಗಳ ಜಾಲ; ಒಂದೊಂದು ಗೆರೆಯೂ ಮರಳಿ ಬಂದ ಒಂದು ಉಂಗುರ. ನನ್ನ ನಕ್ಷೆಯಲ್ಲಿ ಎರಡು ಗೆರೆಗಳಿದ್ದವು. ಅವುಗಳನ್ನು ನಾನು ಕೆಂಪು ಶಾಯಿಯಲ್ಲಿ, ದಪ್ಪವಾಗಿ ಎಳೆದಿದ್ದೆ.

ಮೆನ್ಲೋ ಪಾರ್ಕ್

ನವೆಂಬರ್ ೧೭, ಶುಕ್ರವಾರ. ಆಧಾರ: ನಸ್ರೀನಳ ಕಚೇರಿಯಲ್ಲಿ ನನ್ನ ಅಂಗಿಗೆ ಅಂಟಿಸಿದ ಅತಿಥಿ ಚೀಟಿ, ಅದನ್ನು ದಿನಚರಿಗೆ ಅಂಟಿಸಿದ್ದೇನೆ.

ದಾರಿಯಲ್ಲಿ ಕೊಲ್ಲಿಯ ಉಪ್ಪುನೀರಿನ ಕಟ್ಟೆಗಳ ಬಳಿ ಕಾರು ನಿಲ್ಲಿಸಿದಳು. ಮೂರು ಹೆಜ್ಜೆ ದೂರದಲ್ಲಿ ಸಲಿಕೆಯಂಥ ಕೊಕ್ಕಿನ ಬಾತುಗಳು ನೀರು ಜಾಲಿಸುತ್ತಿದ್ದವು. ಓಡುವವರು ಓಡಿದರು, ಸೈಕಲ್ಲಿನವರು ಸಾಗಿದರು, ಒಂದು ಹಕ್ಕಿಯೂ ತಲೆಯೆತ್ತಲಿಲ್ಲ. ನಮ್ಮ ಕೆರೆಯಲ್ಲಿ ಇದೇ ಜಾತಿಯ ಬಾತು ಬಂಡಿಯ ನೆರಳು ಬಿದ್ದರೆ ಎದ್ದು ಹೋಗುತ್ತಿತ್ತು. ಒಂದು ಹಕ್ಕಿಯ ತಲೆಯ ಹಸಿರನ್ನು ಸರಿಯಾಗಿ ನೋಡಲು ನಾನು ಬೆಳಗಿನ ಹೊತ್ತು ಮೂರು ಗಂಟೆಗಳ ಕಾಲ ಕೆಸರಿನಲ್ಲಿ ಬೋರಲು ಮಲಗಿದ್ದುಂಟು. ಇಲ್ಲಿನವರು ಕಾಫಿ ಕುಡಿಯುತ್ತ ನೋಡುತ್ತಾರೆ.

ಕಚೇರಿಯಲ್ಲಿ ನಸ್ರೀನ್ ತನ್ನ ಈಗಿನ ಕೆಲಸವನ್ನು ವಿವರಿಸಿದಳು. ಉಂಗುರ ಸಿಕ್ಕ ಬೇಟೆಗಾರರಲ್ಲಿ ತಿಳಿಸುವವರೆಷ್ಟು, ಸುಮ್ಮನಿರುವವರೆಷ್ಟು, ಇದು ಅವಳ ಪ್ರಶ್ನೆ. ಇಲ್ಲಿಯೂ ಎಲ್ಲರೂ ತಿಳಿಸುವುದಿಲ್ಲವಂತೆ. ಕೆಲವರು ಜೇಬಿಗಿಟ್ಟು ಮರೆಯುತ್ತಾರೆ, ಕೆಲವರಿಗೆ ಸೋಮಾರಿತನ, ಕೆಲವರಿಗೆ ಸರ್ಕಾರವೆಂದರೆ ಆಗದು. ಆದ್ದರಿಂದ ಕೆಲವು ಉಂಗುರಗಳ ಮೇಲೆ ಬಹುಮಾನವಿದೆ ಎಂದು ಬರೆದಿರುತ್ತಾರೆ. ಅಂಥವು ಸಿಕ್ಕರೆ ಬಹುತೇಕ ಎಲ್ಲರೂ ತಿಳಿಸುತ್ತಾರೆಂದು ಹಿಡಿದು, ಸಾಮಾನ್ಯ ಉಂಗುರಗಳನ್ನು ಅವುಗಳ ಜೊತೆ ಹೋಲಿಸುತ್ತಾರೆ. ಹಿಂದೆ ಉಂಗುರದ ಮೇಲೆ ಅಂಚೆ ವಿಳಾಸ ಮಾತ್ರ ಇತ್ತು, ಆಮೇಲೆ ಫೋನ್ ಸಂಖ್ಯೆ ಬಂತು, ಈಗ ಅಂತರ್ಜಾಲದ ವಿಳಾಸ. ತಿಳಿಸುವುದು ಸುಲಭವಾದಂತೆಲ್ಲ ತಿಳಿಸುವವರು ಹೆಚ್ಚಿದರು. ಸುಮ್ಮನಿದ್ದವರನ್ನೂ ಅಳೆಯುವ ಅನುಕೂಲ ಇವರಿಗಿದೆ. ನನ್ನ ಬಳಿ ಅಳೆಯಲು ಇದ್ದದ್ದು ಮೌನವೊಂದೇ.

ಅವಳ ಸಹೋದ್ಯೋಗಿಗಳ ಮುಂದೆ ನಾನು ಅದನ್ನೇ ಹೇಳಿದೆ: ನಮ್ಮ ಕಡೆ ಹದಿನಾಲ್ಕು ವರ್ಷಗಳಲ್ಲಿ ಸ್ಥಳೀಯನೊಬ್ಬನೂ ತಾನಾಗಿ ಒಂದು ಉಂಗುರವನ್ನು ತಿಳಿಸಲಿಲ್ಲ. ಅವರು ಮರುಕದಿಂದ ತಲೆಯಾಡಿಸಿದರು. ನಸ್ರೀನ್ ನನ್ನನ್ನೇ ನೋಡುತ್ತಿದ್ದಳು, ತಲೆಯಾಡಿಸಲಿಲ್ಲ.

ಹೊರಡುವ ಮುನ್ನ ಅವಳು ತನ್ನ ಪರದೆಯ ಮೇಲೆ ಒಂದು ನಮೂನೆ ತೆರೆದಳು. ಬೇರೆ ಬೇರೆ ದೇಶಗಳ ಹಳೆಯ ಉಂಗುರಗಳನ್ನು ಒಂದೇ ಪಟ್ಟಿಗೆ ಸೇರಿಸುವ ಕೆಲಸ ನಡೆದಿತ್ತು. ನನ್ನ ಮೂರು ಉಂಗುರಗಳೂ ಅದರಲ್ಲಿ ಸೇರಲಿದ್ದವು. ತೊಡಿಸಿದವರ ಒಪ್ಪಿಗೆ ಬೇಕಿತ್ತು. ಮೊದಲೆರಡಕ್ಕೆ ತಕರಾರಿರಲಿಲ್ಲ. ಮೂರನೆಯದರ ಮುಂದೆ ಅವಳು ‘ಸಿಕ್ಕವರೇ ತಿಳಿಸಿದ್ದು’ ಎಂದು ತುಂಬಿದ್ದಳು. ಅದು ತಪ್ಪು, ‘ವಶಪಡಿಸಿಕೊಂಡದ್ದು’ ಎಂದಾಗಬೇಕು ಎಂದೆ. ಅವಳು ವಾದಿಸಲಿಲ್ಲ. ನಾಳೆ ಜೌಗಿಗೆ ಹೋಗೂಣು, ಬಂದ ಮ್ಯಾಲೆ ನೋಡೂಣು ಎಂದು ಪರದೆ ಮುಚ್ಚಿದಳು. ಅಂದು ನನಗನ್ನಿಸಿದ್ದನ್ನು ಮುಚ್ಚಿಡುವುದಿಲ್ಲ: ಗೋಡೆಯ ತುಂಬ ಗೆರೆಗಳಿರುವವಳಿಗೆ ನನ್ನ ಒಂದು ಉಂಗುರವನ್ನೂ ತನಗೆ ತೋಚಿದಂತೆ ಬರೆದುಕೊಳ್ಳುವ ಆಸೆ.

ಸುಯ್ಸೂನ್ ಜೌಗು

ನವೆಂಬರ್ ೧೮, ಶನಿವಾರ. ಆಧಾರ: ದಿನಚರಿ, ನಸ್ರೀನಳ ಫೋನಿನಲ್ಲಿರುವ ಚಿತ್ರಗಳು, ಎರಡರಲ್ಲೂ ಒಂದೇ ತಾರೀಕು.

ಕೊಲ್ಲಿಯ ಈಶಾನ್ಯಕ್ಕೆ, ಹುಲ್ಲು ಮತ್ತು ನೀರು ಕಣ್ಣು ಹರಿಯುವಷ್ಟು ದೂರ ಚಾಚಿರುವ ಜೌಗು. ಬೇಟೆಯ ಕಾಲ. ನಮ್ಮಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಾಗಿನಿಂದ ಬಾತಿಗೆ ಬಲೆ ಬೀಸುವವನು ಅಪರಾಧಿ. ಇಲ್ಲಿ ಪರವಾನಗಿ ಪಡೆದು, ಸಾಲಿನಲ್ಲಿ ನಿಂತು, ಹೊಡೆದ ಹಕ್ಕಿಗಳನ್ನು ಹೋಗುವಾಗ ತಪಾಸಣೆಯ ಕಟ್ಟೆಯಲ್ಲಿ ತೋರಿಸಿ, ಬರೆಯಿಸಿ, ನಮಸ್ಕಾರ ಹೇಳಿ ಮನೆಗೆ ಹೋಗುತ್ತಾರೆ. ಕೆಸರುಬಣ್ಣದ ಉಡುಪಿನ ಗಂಡಸರು, ಕೆಲವರು ಹೆಂಗಸರು, ಒದ್ದೆ ನಾಯಿಗಳು. ಜೋರಾಗಿ ಮಾತಾಡುವವರಿಲ್ಲ. ಮದುವೆಮನೆಯ ಊಟದ ಸಾಲಿನಷ್ಟು ತಾಳ್ಮೆ, ಅದಕ್ಕಿಂತ ಕಡಿಮೆ ಗದ್ದಲ.

ಕಟ್ಟೆಯ ಪಕ್ಕದ ಬೆಂಚಿನಲ್ಲಿ ನಾವು ಕುಳಿತಿದ್ದೆವು. ಹತ್ತು ಗಂಟೆಯ ಸುಮಾರಿಗೆ ಇಬ್ಬರು ಮುದುಕರು ಬಂದರು, ಡೇಲ್ ಮತ್ತು ರಾನ್. ನಲವತ್ತು ವರ್ಷಗಳಿಂದ ಜೊತೆಯಾಗಿ ಬೇಟೆಗೆ ಬರುವ ಗೆಳೆಯರು. ಮುಖಗಳಲ್ಲಿ ಜಗಳದ ಕಳೆ. ಒಂದೇ ಹಕ್ಕಿಗೆ ಇಬ್ಬರೂ ಗುಂಡು ಹಾರಿಸಿದ್ದರು. ಬಿದ್ದ ಹಕ್ಕಿಯ ಕಾಲಿನಲ್ಲಿ ಉಂಗುರವಿತ್ತು. ಉಂಗುರ ಯಾರದು? ಅಂಥ ಸಂದರ್ಭದಲ್ಲಿ ನಾಣ್ಯ ಚಿಮ್ಮಬೇಕೆಂಬುದು ಅಲ್ಲಿಯ ರೂಢಿ. ಚಿಮ್ಮಿದ್ದರು, ಡೇಲ್ ಗೆದ್ದಿದ್ದರು. ರಾನ್ ಯಾರಿಗೂ ಮುಖ ಕೊಡದೆ ತಮ್ಮ ಟ್ರಕ್ಕಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗಾಜಿನ ಹಿಂದಿನ ಆ ಮುಖದ ಬಗ್ಗೆ ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಎರಡು ದಿನಗಳಿಂದ ಡಬ್ಲಿನ್‌ನ ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದೆ.

ಹಕ್ಕಿಯನ್ನು ಡೇಲ್ ಮೇಜಿನ ಮೇಲಿಟ್ಟರು. ಸೂಜಿಬಾಲದ ಬಾತು, ಗಂಡು. ನೀಳವಾದ ಕತ್ತು, ಕಂದು ತಲೆ, ಕತ್ತಿನ ಪಕ್ಕದಲ್ಲಿ ಮೇಲೇರುವ ಬಿಳಿಯ ಗೆರೆ. ಇದೇ ಜಾತಿ ನಮ್ಮ ಕೆರೆಗೂ ಬರುತ್ತದೆ. ನನ್ನ ಮೂರನೆಯ ಉಂಗುರ ತೊಟ್ಟದ್ದೂ ಇದೇ ಜಾತಿಯ ಗಂಡು. ಡೇಲ್‌ರ ಕೊರಳ ದಾರದಲ್ಲಿ ಬಾತಿನ ದನಿ ಹೊರಡಿಸುವ ಎರಡು ಪೀಪಿಗಳ ನಡುವೆ ಹಳೆಯ ಉಂಗುರಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅವರು ಕನ್ನಡಕ ಏರಿಸಿ, ಹೊಸ ಉಂಗುರದ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಫೋನಿಗೆ ಒತ್ತಿದರು. ಒತ್ತುತ್ತಲೇ ಹಕ್ಕಿಯನ್ನು ನೋಡಿ, ಯಾರಿಗೂ ಅಲ್ಲದಂತೆ, “ನೀನು ಎಲ್ಲಿಯವನಪ್ಪ?” ಎಂದರು. ಅವರಾಡಿದ್ದು ಇಂಗ್ಲಿಷು, ಆದರೆ ದನಿ ಹೀಗೆಯೇ ಇತ್ತು.

ಒಂದು ನಿಮಿಷವೂ ಆಗಲಿಲ್ಲ. ಉತ್ತರ ಬಂತು. ಅಲಾಸ್ಕದ ಒಂದು ನದೀಮುಖ, ಇನ್ನೂ ಹಾರಲಾರದ ಮರಿಯಾಗಿದ್ದಾಗ ಉಂಗುರ ತೊಡಿಸಲಾಗಿದೆ, ಇಂಥ ವರ್ಷ, ಇಂಥವರು ತೊಡಿಸಿದ್ದು. ಕೆಳಗೆ ಡೇಲ್‌ರ ಹೆಸರಿನಲ್ಲಿ ಅಂದವಾದ ಕೃತಜ್ಞತಾಪತ್ರ. ಅವರು ಫೋನನ್ನು ನನ್ನ ಕೈಗೇ ಕೊಟ್ಟರು. ಮನೆಯ ಗೋಡೆಯಲ್ಲಿ ಎಲ್ಲವನ್ನೂ ಚೌಕಟ್ಟು ಹಾಕಿಸಿ ಇಟ್ಟಿದ್ದಾರಂತೆ, ತಂದೆಯ ಕಾಲದಲ್ಲಿ ಅಂಚೆಯಲ್ಲಿ ಬಂದವೂ ಇವೆಯಂತೆ. ಉಂಗುರ ತೊಡಿಸಿದವರ ಹೆಸರುಗಳೆಲ್ಲ ನನಗೆ ಗೊತ್ತು, ಒಬ್ಬರನ್ನೂ ನೋಡಿಲ್ಲ, ಎಂದು ನಕ್ಕರು. ನಾನು ಉಂಗುರ ತೊಡಿಸುತ್ತಿದ್ದವಳೆಂದು ನಸ್ರೀನ್ ಹೇಳಿದಾಗ ಟೋಪಿ ತೆಗೆದು ಕೈಕುಲುಕಿದರು. ಯಾವ ಬೇಟೆಗಾರನೂ ಅದುವರೆಗೆ ನನ್ನ ಕೈಕುಲುಕಿರಲಿಲ್ಲ.

ಅಲಾಸ್ಕದ ಕೆಸರಿನಲ್ಲಿ ನಿಂತು ಆ ಮರಿಯ ಕಾಲು ಹಿಡಿದ, ನಾನು ಕಾಣದ ಆ ವ್ಯಕ್ತಿಯ ಮೇಲೆ ನನಗೆ ಹುಟ್ಟಿದ ಮತ್ಸರವನ್ನು ಹೇಗೆ ಬರೆಯಲಿ. ಅವರ ಹೆಸರು ಒಬ್ಬ ಬೇಟೆಗಾರನ ಮನೆಯ ಗೋಡೆಯಲ್ಲಿ, ಮೊಮ್ಮಕ್ಕಳ ಚಿತ್ರಗಳ ಪಕ್ಕದಲ್ಲಿ ಇರುತ್ತದೆ. ನನ್ನ ಹೆಸರು ಸರ್ಕಾರಿ ವರದಿಗಳ ಹೊರರಟ್ಟಿನಲ್ಲಿದೆ.

ಫ್ರೀವೇ

ಹಿಂದಿರುಗುವಾಗ ಫ್ರೀವೇಯಲ್ಲಿ ವಾಹನಗಳು ತೆವಳುತ್ತಿದ್ದವು. ನಮ್ಮ ಜನಕ್ಕೆ ಇಂಥ ಕುತೂಹಲವೇ ಇಲ್ಲ, ಒಂದು ಸಂಖ್ಯೆ ಕಂಡರೆ ಅದು ಎಲ್ಲಿಂದ ಬಂತೆಂದು ಕೇಳುವ ಬುದ್ಧಿಯೇ ಇಲ್ಲ, ಎಂದು ನಾನು ಅಂದೆ. ನಸ್ರೀನ್ ಗಾಡಿಯನ್ನು ಪಕ್ಕದ ಸಾಲಿಗೆ ಸರಿಸಿದಳು.

“ಮೇಡಂ, ಸಿಟ್ಟಾಗಬ್ಯಾಡ್ರಿ. ಯಲ್ಲಪ್ಪ ತಾನ ಬಂದಿದ್ದ.”

ಯಲ್ಲಪ್ಪ ಎಂದರೆ ಆ ಬಲೆಗಾರ. ನನಗೆ ಆ ದೃಶ್ಯ ಕಣ್ಣಿಗೆ ಕಟ್ಟಿದಂತಿದೆ: ಕಾವಲುಗಾರ ಅವನ ರಟ್ಟೆ ಹಿಡಿದು ನಮ್ಮ ಕೇಂದ್ರದ ಮೆಟ್ಟಿಲು ಹತ್ತಿಸುತ್ತಿದ್ದಾನೆ, ಕಾವಲುಗಾರನ ಇನ್ನೊಂದು ಅಂಗೈಯಲ್ಲಿ ನನ್ನ ಉಂಗುರ ಹೊಳೆಯುತ್ತಿದೆ.

“ಗಾರ್ಡ್ ಹಿಡಿದು ತಂದದ್ದು. ವರದಿಯಲ್ಲಿದೆ. ೧೯೯೩, ಫೆಬ್ರವರಿ ೪, ಗುರುವಾರ,” ಎಂದೆ.

“ಆ ವರದಿ ಟೈಪ್ ಮಾಡಿದಾಕಿ ನಾನ ಅಲ್ಲೇನ್ರಿ? ನೀವು ಹೇಳಿದ್ದು ಟೈಪ್ ಮಾಡೀನಿ. ಅವಂಗ ಚಾ ಕೊಟ್ಟಾಕಿನೂ ನಾನ. ಗಾರ್ಡ್ ಬರೂ ತನಕ ಕಪ್ಪು ಹಿಡಕೊಂಡು ಬೆಂಚಿನ ಮ್ಯಾಲೆ ಕುಂತಿದ್ದ. ನೀವು ಏನರೆ ಕಾಗದ ಬರದು ಕೊಡ್ತೀರಿ ಅಂತ ತಿಳಕೊಂಡಿದ್ದ.”

ಅವಳ ದನಿಯಲ್ಲಿ ಆರೋಪವಿರಲಿಲ್ಲ. ಮುಂದಿನ ಕಾರಿನ ಕೆಂಪು ದೀಪಗಳನ್ನೇ ನೋಡುತ್ತ ಹೇಳುತ್ತಿದ್ದಳು. ಕಾವಲುಗಾರ ಯಲ್ಲಪ್ಪನ ಬಲೆಗಳನ್ನೆಲ್ಲ ಒಯ್ದ. ಕೆರೆಯ ಆಚೆ ದಂಡೆಯಲ್ಲಿ ಅವಳ ಖಾಲಾ, ಅಂದರೆ ಚಿಕ್ಕಮ್ಮ, ಇದ್ದರು. ಆಮೇಲೆ ಬಲೆಗಾರರು ಉಂಗುರವಿದ್ದ ಹಕ್ಕಿ ಸಿಕ್ಕರೆ ಮೊದಲು ಕಾಲು ಕತ್ತರಿಸಿ ಕೆರೆಗೆ ಎಸೆಯುತ್ತಿದ್ದರೆಂದು ಆ ಚಿಕ್ಕಮ್ಮ ಹೇಳಿದ್ದರಂತೆ.

ಇದನ್ನು ಮೂವತ್ತು ವರ್ಷ ಏಕೆ ಹೇಳಲಿಲ್ಲ ಎಂದು ಕೇಳಿದೆ.

“ದಿನಗೂಲಿಯಾಕಿ ಏನ್ ಹೇಳ್ಲಿ ಮೇಡಂ? ಆಮ್ಯಾಲೆ ನೀವು ಎಲ್ಲಾ ಕಡೆ ಭಾಷಣದಾಗ ಅದನ್ನ ಹೇಳಾಕ ಹತ್ತಿದ್ರಿ.”

ಕಾಗದದ ಆಧಾರವಿಲ್ಲದ ನೆನಪು ಪುರಾವೆಯಲ್ಲ ಎಂದೆ. ನೆನಪು ತಾನು ಬಯಸಿದ ಕಡೆಗೆ ವಾಲುತ್ತದೆ, ಇಪ್ಪತ್ತೆರಡರ ಹುಡುಗಿಯ ನೆನಪಂತೂ ಕರುಣೆಯ ಕಡೆಗೆ ವಾಲುತ್ತದೆ ಎಂದೆ. ಅವಳು ಒಪ್ಪಿಕೊಂಡಂತೆ ತಲೆಯಾಡಿಸಿದಳು. “ಆತ್ರಿ. ಕಾಗದ ನಿಮ್ಮ ಮನ್ಯಾಗ ಅದಾವ. ನೋಡಿ ಹೇಳ್ರಿ. ಅಲ್ಲೀ ತನಕ ಆ ಕಲಂ ಖಾಲಿ ಬಿಡ್ತೀನಿ.”

ಉಳಿದ ಮೂರು ವಾರಗಳಲ್ಲಿ ಅವಳು ಆ ಮಾತು ಮತ್ತೆ ಎತ್ತಲಿಲ್ಲ. ಕ್ಯಾಂಪ್‌ಬೆಲ್‌ನ ಸಂತೆಗೆ ಕರೆದೊಯ್ದಳು, ಸಮುದ್ರ ತೋರಿಸಿದಳು, ಹೊರಡುವ ದಿನ ನನ್ನ ಚೀಲದಲ್ಲಿ ಬಾದಾಮಿ ತುಂಬಿದಳು. ಪ್ರತಿ ಸಂಜೆ ಅವಳ ಫೋನು ಸದ್ದು ಮಾಡುತ್ತಿತ್ತು: ಯಾರೋ, ಎಲ್ಲೋ, ಒಂದು ಉಂಗುರ ತಿಳಿಸಿದ್ದಾರೆ. ಆ ಸದ್ದನ್ನು ಕೇಳಿದಾಗಲೆಲ್ಲ ನಾನು ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ.

ಮೈಸೂರು

ಡಿಸೆಂಬರ್ ೧೨, ಮಂಗಳವಾರ. ಈ ಬರಹದ ತಾರೀಕುಗಳನ್ನು ತಾಳೆ ನೋಡಲೆಂದು ಕಬ್ಬಿಣದ ಬೀರುವನ್ನು ತೆರೆದೆ. ಅಚ್ಚಾದ ವಾರ್ಷಿಕ ವರದಿಯಲ್ಲಿ ೧೯೯೩ರ ಫೆಬ್ರವರಿ ೪ ಎಂದೇ ಇದೆ. ಆದರೆ ಅದು ಉಂಗುರ ಬಂದ ದಿನವಲ್ಲ. ವಶಪಡಿಸಿಕೊಂಡ ಬಗ್ಗೆ ಅರಣ್ಯ ಕಚೇರಿಯಿಂದ ಬಂದ ಪತ್ರದ ದಿನಾಂಕ. ಪತ್ರ ವರದಿಗೆ ಪಿನ್ ಮಾಡಿದಂತೆಯೇ ಇದೆ. ಅಂದರೆ ಇಷ್ಟು ವರ್ಷ ನಾನು ಉದ್ಧರಿಸುತ್ತಿದ್ದದ್ದು ಘಟನೆಯಿಂದ ಎರಡು ವಾರ ದೂರದ ದಾಖಲೆಯನ್ನು.

ಘಟನೆಯ ದಿನವೇ ಹುಟ್ಟಿದ ದಾಖಲೆ ಕ್ಷೇತ್ರ ದಿನಚರಿ. ಏಳನೆಯ ಪುಸ್ತಕ, ೧೯೯೩ರ ಜನವರಿ ೨೧, ಗುರುವಾರ. ನೀಲಿ ಶಾಯಿ. ಅಕ್ಷರ ನನ್ನದೇ. ಇದ್ದಂತೆ ಇಳಿಸಿಕೊಡುತ್ತೇನೆ:

“ಬೆ. ೧೦-೨೦. ಯಲ್ಲಪ್ಪ, ಬಲೆಗಾರ, ಆಚೆ ದಂಡೆ. ಉಂಗುರ ಒಂದನ್ನು ತಂದುಕೊಟ್ಟರು. ಮೇಲಿನ ಇಂಗ್ಲಿಷನ್ನು ಶಾಲೆಯ ಮಾಸ್ತರರಿಂದ ಓದಿಸಿಕೊಂಡು ಬಂದೆ ಎಂದರು. ಈ ಹಕ್ಕಿ ಯಾವ ಊರಿನದು ಎಂದು ಕೇಳಿದರು. ೧೦-೩೫. ಗಾರ್ಡ್‌ಗೆ ಫೋನ್ ಮಾಡಿದೆ. ೧೨-೧೦. ಗಾರ್ಡ್ ಬಂದರು.”

ನಸ್ರೀನಳಿಗೆ ಪುಟದ ಚಿತ್ರ ಕಳಿಸಿ, ಖಾಲಿ ಬಿಟ್ಟ ಕಲಮಿನಲ್ಲಿ ‘ಸಿಕ್ಕವರೇ ತಿಳಿಸಿದ್ದು’ ಎಂದು ತುಂಬಲು ಬರೆದಿದ್ದೇನೆ. ತಿಳಿಸಿದವರ ಹೆಸರನ್ನೂ ಬರೆಯಬೇಕೆಂದು ಕೇಳಿದ್ದೇನೆ. ಕೇಂದ್ರದ ವರದಿಗಳಲ್ಲಿ ಆ ವರ್ಷದ ‘ಇಲ್ಲ’ ಎಂಬುದನ್ನು ‘ಒಬ್ಬರು’ ಎಂದು ಓದಿಕೊಳ್ಳಬೇಕು.

ಅದೇ ಸಂಖ್ಯೆಯ ಉಂಗುರವನ್ನು ತೊಡಿಸಿದ ದಿನವನ್ನೂ ಹುಡುಕಿದೆ. ಐದನೆಯ ಪುಸ್ತಕ, ೧೯೯೦ರ ಡಿಸೆಂಬರ್. ಸೂಜಿಬಾಲದ ಬಾತು, ಗಂಡು, ನಮ್ಮದೇ ಕೆರೆ. ಅದು ಎರಡು ಬಾರಿ ಉತ್ತರಕ್ಕೆ ಹೋಗಿ, ಮತ್ತೆ ಯಲ್ಲಪ್ಪನವರ ಊರಿನ ಕೆರೆಗೇ ಮರಳಿತ್ತೆಂದು ಅಂದು ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ನನಗೆ ಗೊತ್ತಿತ್ತು. ಮುಂದೆ ಅದರ ಮೇಲೆ ಪ್ರಬಂಧವನ್ನೂ ಬರೆದೆ. ಅವರು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟ ಬಗ್ಗೆ ಅಂದಿನ ಪುಟದಲ್ಲಾಗಲಿ, ಮುಂದಿನ ಪುಟಗಳಲ್ಲಾಗಲಿ ನಮೂದಿಲ್ಲ.